ಒಣಗಿಸಿದ ಮೇಲೂ ಉಳಿದ ನೀರು

ಮಾಡಿದ್ದನ್ನು ಪೂರ್ತಿ ತೊಳೆಯಲಾಗದಿದ್ದರೆ ಉಳಿದಷ್ಟನ್ನು ಏನು ಮಾಡಬೇಕು?

ಅಮೆರಿಕದ ಹ್ಯಾನ್‌ಫೋರ್ಡ್‌ನಲ್ಲಿ ಒಂದು ಅಣುಸ್ಥಾವರ ಬಾಂಬಿಗೆ ಪ್ಲುಟೋನಿಯಂ, ಊರಿಗೆ ವಿದ್ಯುತ್ತು ಎರಡನ್ನೂ ಕೊಡುತ್ತಿತ್ತು. 1987ರಲ್ಲಿ ಅದು ನಿಂತಿತು. ಉರಿದು ಉಳಿದ ಸುಮಾರು 2,100 ಟನ್ ಯುರೇನಿಯಂ ಇಂಧನ ಕೊಲಂಬಿಯಾ ನದಿಯ ಪಕ್ಕದ ಎರಡು ಕೊಳಗಳಲ್ಲಿ ಮುಳುಗಿಯೇ ಇತ್ತು. ಕವಚ ಒಡೆಯಿತು, ಲೋಹ ತುಕ್ಕು ಹಿಡಿಯಿತು, ಒಂದು ಕೊಳ ಸೋರಿತು. 2000ದಿಂದ 2004ರೊಳಗೆ ಅದರ ಬಹುಪಾಲನ್ನು ಎತ್ತಿ, ಆಳೆತ್ತರ ಮೀರಿದ ಉಕ್ಕಿನ ಡಬ್ಬಿಗಳಿಗೆ ತುಂಬಿ, ಗಾಳಿ ತೆಗೆದು ಒಣಗಿಸಿ, ನದಿಯಿಂದ ದೂರ ಒಯ್ದಿಟ್ಟರು.

ಒಣಗಿಸಿ ಎಂದೆವು. ಪೂರ್ತಿ ಒಣಗಲಿಲ್ಲ. ತುಕ್ಕಿನೊಳಗೆ ಬೆರೆತುಹೋದ ನೀರು ಹದವಾದ ಶಾಖಕ್ಕೆ ಬಿಟ್ಟುಬರುವುದಿಲ್ಲ. ಹೆಚ್ಚು ಕಾಯಿಸಿದರೆ ಯುರೇನಿಯಂ ಹೊತ್ತಿಕೊಳ್ಳುವ ಭಯ. ಆ ನೀರನ್ನು ವಿಕಿರಣ ಒಡೆಯುತ್ತದೆ. ಜಲಜನಕ ಹುಟ್ಟಿ ಡಬ್ಬಿಯೊಳಗೆ ಒತ್ತಡ ಏರುತ್ತದೆ. ಎಂಜಿನಿಯರುಗಳು ಇದನ್ನು ಮುಚ್ಚಿಡಲಿಲ್ಲ. ಎಷ್ಟು ನೀರು ಉಳಿದೀತು, ಎಷ್ಟು ಅನಿಲ ಹುಟ್ಟೀತು ಎಂದು ಲೆಕ್ಕ ಹಾಕಿ, 40 ವರ್ಷ ತಾಳುವಂತೆ ಡಬ್ಬಿ ಮಾಡಿದರು.

ಎಲ್ಲ ಶುದ್ಧವಾಯಿತು ಎನ್ನುವವರಿಗಿಂತ, ಇಷ್ಟು ಉಳಿದಿದೆ ಎಂದು ಬರೆದಿಟ್ಟವರ ಮೇಲೆ ನಮಗೆ ಗೌರವ. (ಕಥೆ ಬರೆಯುವ ನಾವಾದರೋ ಕೊನೆಯ ಪುಟದಲ್ಲಿ ಎಲ್ಲವನ್ನೂ ಒಣಗಿಸಿಬಿಡುತ್ತೇವೆ.) ಆದರೆ ಲೆಕ್ಕ ಹಾಕಿದ್ದು 40 ವರ್ಷಕ್ಕೆ. ಪ್ಲುಟೋನಿಯಂ ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕು. ಶಾಶ್ವತವಾಗಿ ಹೂಳಲೆಂದು ನೆವಾಡಾದಲ್ಲಿ ಗುರುತಿಸಿದ ಯಕ್ಕಾ ಬೆಟ್ಟದ ಯೋಜನೆ 2010ರ ನಂತರ ಮುಂದೆ ಸಾಗಲಿಲ್ಲ.

2044ರ ಹೊತ್ತಿಗೆ 2004ರಲ್ಲಿ ತುಂಬಿದ ಡಬ್ಬಿಗೂ 40 ತುಂಬುತ್ತದೆ. ಅದರ ಮುಂದೆ ನಿಲ್ಲುವವರು ಬಾಂಬು ಬೇಕೆಂದವರಲ್ಲ, ಆ ವಿದ್ಯುತ್ತಿನ ದೀಪದಡಿ ಕುಳಿತವರೂ ಅಲ್ಲ. ಅವರನ್ನು ಯಾರೂ ಕೇಳಿರಲಿಲ್ಲ.