ಕೆಂಪು ಶಾಯಿಯ ತಪ್ಪು

ಗೆಳತಿಯರು ಸೇರಿದಾಗ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳಿಕೊಳ್ಳುವುದು ನಮಗೊಂದು ಮೋಜು. ಮೊನ್ನೆ ‘ಗ್ರಹಗಳೆಷ್ಟು?’ ಎಂದಾಗ ಒಬ್ಬಾಕೆ ‘ಒಂಬತ್ತು’ ಎಂದಳು. ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ.

2006ರ ಆಗಸ್ಟ್‌ನಲ್ಲಿ ಖಗೋಳ ವಿಜ್ಞಾನಿಗಳು ಪ್ಲೂಟೋವನ್ನು ಕುಬ್ಜಗ್ರಹವೆಂದು ಕರೆದು ಗ್ರಹಗಳ ಪಟ್ಟಿಯಿಂದ ಕೈಬಿಟ್ಟರು. ಆ ವರ್ಷ ‘ಎಂಟು’ ಎಂದು ಬರೆದ ಹುಡುಗಿಯೊಬ್ಬಳ ಉತ್ತರಕ್ಕೆ, ಪಾಠಪುಸ್ತಕ ನೋಡಿ, ನಾನು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದ್ದೆ. ‘ಪೇಪರಿನಲ್ಲಿ ಬಂದಿದೆ ಮಿಸ್’ ಎಂದಳು. ‘ಅಧಿಕಪ್ರಸಂಗ ಬೇಡ’ ಎಂದು ಕೂರಿಸಿದೆ. ವಿಷಯ ತಿಳಿದ ಮೇಲೂ ಅಂಕ ಕೊಡಲಿಲ್ಲ. ತರಗತಿಯೆದುರು ಒಪ್ಪಿಕೊಳ್ಳಲು ಸಂಕೋಚ.

ಗೊತ್ತಿಲ್ಲದಿರುವುದು ತಪ್ಪೇ? ಅಲ್ಲ. ಗೊತ್ತಾದ ಮೇಲೂ ತಿದ್ದಿಕೊಳ್ಳದಿರುವುದು ತಪ್ಪು. ಗೆಳತಿ ನಗುತ್ತಲೇ ‘ಹೌದೇನ್ರೇ? ನನಗೆ ತಿಳಿದಿರಲಿಲ್ಲ’ ಎಂದಳು. ಅಷ್ಟು ಸಣ್ಣ ಮಾತು ಅಂದು ನನ್ನ ಬಾಯಿಂದ ಬರಲಿಲ್ಲವಲ್ಲ!