ಹೆಸರು ಬಚ್ಚಿಟ್ಟವನು, ಬರಹ ಬಚ್ಚಿಟ್ಟವನು

ನನಗೆ ಅಕ್ಷರ ಕಲಿಸಿದ ಮೇಷ್ಟ್ರ ಬಗ್ಗೆ ಬರೆದ ನಾಲ್ಕು ಪುಟ ನನ್ನ ಮೇಜಿನ ಡ್ರಾಯರಿನಲ್ಲಿ ಎಂಟು ತಿಂಗಳು ಮಲಗಿತ್ತು. ಬರೆದು ಮುಗಿಸಿದ ರಾತ್ರಿ ಪರವಾಗಿಲ್ಲ ಅನ್ನಿಸಿತ್ತು. ಬೆಳಿಗ್ಗೆ ಎದ್ದು ಓದಿದರೆ ಪ್ರತಿ ವಾಕ್ಯವೂ ಯಾರದೋ ಅಂಗಿ ತೊಟ್ಟು ನಿಂತ ಹಾಗೆ ಕಂಡಿತು. ನಾನು ನಿಜವಾಗಿ ಬರೆಯಬಲ್ಲೆನೇ? ಇಷ್ಟು ವರ್ಷ ಬರೆದದ್ದೆಲ್ಲ ಬರೀ ರೂಢಿಯೇ? ಇನ್ನೊಮ್ಮೆ ತಿದ್ದಿ ಆಮೇಲೆ ಮೇಷ್ಟ್ರಿಗೆ ತೋರಿಸೋಣ ಎಂದು ಒಳಗಿಟ್ಟೆ. ತಿದ್ದಲಿಲ್ಲ. ಆ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು.

ಆಮೇಲೆ ಬಹಳ ದಿನ ಒಂದು ಪ್ರಶ್ನೆ ಕಾಡಿತು. ನನ್ನ ಹಿಂಜರಿಕೆಯನ್ನು ನಾನು ವಿನಯವೆಂದು ತಿಳಿದಿದ್ದೆ. ಅದು ವಿನಯವೇ ಆಗಿತ್ತೇ?

ಹೀಗೆ ಯೋಚಿಸುವಾಗಲೆಲ್ಲ ಮುದ್ದಣ ನೆನಪಾಗುತ್ತಾನೆ. ನಂದಳಿಕೆ ಲಕ್ಷ್ಮೀನಾರಣಪ್ಪ, ಹುಟ್ಟಿದ್ದು 1870ರಲ್ಲಿ, ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ. ಬಡವ. ಉಡುಪಿಯಲ್ಲಿ ವ್ಯಾಯಾಮ ಕಲಿಸುವ ಮೇಷ್ಟ್ರಾಗಿದ್ದ. ಅದ್ಭುತ ರಾಮಾಯಣ, ಶ್ರೀರಾಮ ಪಟ್ಟಾಭಿಷೇಕ, ಶ್ರೀರಾಮಾಶ್ವಮೇಧಗಳನ್ನು ಬರೆದು, ಅವು ತನ್ನವಲ್ಲ, ಹಳೆಯ ಕೃತಿಗಳು ಎಂದು ಹೇಳಿ ಮೈಸೂರಿನ ಸಂಪಾದಕರಿಗೆ ಕಳಿಸಿದ. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 31 ವರ್ಷ. ಬರೆದವನು ಅವನೇ ಎಂಬುದು ಲೋಕಕ್ಕೆ ಗಟ್ಟಿಯಾಗಿ ತಿಳಿದದ್ದು ಆಮೇಲೆ. ಹಾಗೇಕೆ ಮಾಡಿದನೋ, ನಾವು ಊಹಿಸಬಹುದಷ್ಟೆ. ಡ್ರಿಲ್ ಮೇಷ್ಟ್ರ ಹಳೆಗನ್ನಡವನ್ನು ಯಾರು ಓದುತ್ತಾರೆ ಎಂಬ ಅಳುಕು ಇದ್ದಿರಬಹುದು.

ಅವನಿಗೂ ನನಗೂ ಅಳುಕಿನಲ್ಲಿ ನೆಂಟಸ್ತಿಕೆ ಇದೆ ಎಂದು ಹಿಂದೆ ಸಮಾಧಾನ ಪಟ್ಟುಕೊಂಡಿದ್ದೆ. ಈಗ ನಾಚಿಕೆಯಾಗುತ್ತದೆ. ಅವನು ಹೆಸರನ್ನು ಬಚ್ಚಿಟ್ಟ, ಬರಹವನ್ನು ಓದುಗರಿಗೆ ಕೊಟ್ಟ. ನಾನು ಮಾಡಿದ್ದು ಇದಕ್ಕೆ ತದ್ವಿರುದ್ಧ. ಬರೆಯುವವನು ಎಂಬ ಹೆಸರನ್ನು ನಾಲ್ಕು ಜನರ ನಡುವೆ ಹೊತ್ತು ತಿರುಗುತ್ತ ಬರಹವನ್ನು ಡ್ರಾಯರಿನಲ್ಲಿ ಇಟ್ಟೆ. ಹೊರಗೆ ಬಾರದ ಬರಹಕ್ಕೆ ಒಂದು ಅನುಕೂಲವಿದೆ. ಅದು ಯಾವತ್ತೂ ಸೋಲುವುದಿಲ್ಲ. ನಾನು ಕಾಪಾಡುತ್ತಿದ್ದದ್ದು ಮೇಷ್ಟ್ರ ಘನತೆಯನ್ನಲ್ಲ, ನನ್ನದನ್ನು. ವಿನಯದ ವೇಷದಲ್ಲಿ ಬಂದ ಅಹಂಕಾರವನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದು ಸದಾ ತಲೆ ತಗ್ಗಿಸಿಯೇ ನಿಂತಿರುತ್ತದೆ.

ಹಾಗಾದರೆ ಅನುಮಾನವೇ ಇಲ್ಲದೆ ಬರೆಯಬೇಕೇ? ಅದೂ ಅಲ್ಲ. ತನ್ನ ಬರಹದ ಬಗ್ಗೆ ಎಳ್ಳಷ್ಟೂ ಸಂದೇಹವಿಲ್ಲದವರನ್ನು ಓದುವ ಕಷ್ಟ ನಮಗೆಲ್ಲ ಗೊತ್ತು. ಇಲ್ಲಿಯೂ ಮುದ್ದಣನೇ ನನಗೆ ದಾರಿ ತೋರಿಸಿದ. ರಾಮಾಶ್ವಮೇಧದಲ್ಲಿ ಅವನು ಕಥೆ ಹೇಳಲು ಕೂರುತ್ತಾನೆ, ಕೇಳಲು ಮಡದಿ ಮನೋರಮೆ ಇದ್ದಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಅನ್ನುತ್ತಾಳೆ. ಅವನು ಭಾರೀ ಸಂಸ್ಕೃತದಲ್ಲಿ ಶುರು ಮಾಡಿದರೆ ತಡೆದು, ತಿಳಿಯುವ ಕನ್ನಡದಲ್ಲಿ ಹೇಳು ಎಂದು ಕೆಣಕುತ್ತಾಳೆ. ಅವನು ತಿದ್ದಿಕೊಂಡು ಮುಂದೆ ಹೋಗುತ್ತಾನೆ. ತನ್ನ ಅನುಮಾನಕ್ಕೆ ಒಂದು ಬಾಯಿ ಕೊಟ್ಟು, ಎದುರಿಗೆ ಕೂರಿಸಿಕೊಂಡು, ಅದರ ಜೊತೆಗೇ ಕಥೆ ಮುಗಿಸಿದ ಹಾಗಿದೆ.

ಮನೋರಮೆಯ ಆ ತಕರಾರು ಕಿವಿಗೆ ಬಿದ್ದ ಮಾತಿನ ಬಗ್ಗೆ. ಅದಕ್ಕೆ ಉತ್ತರ ಕೊಡಬಹುದು: ಮಾತು ಬದಲಿಸಿದರಾಯಿತು. ಆದರೆ ‘ನಾನು ಬರಹಗಾರನೇ?’ ಎಂಬ ಪ್ರಶ್ನೆಗೆ ಯಾವ ವಾಕ್ಯ ತಿದ್ದಿದರೂ ಉತ್ತರ ಸಿಗುವುದಿಲ್ಲ. ಹತ್ತು ಜನ ಹೊಗಳಿದರೂ ಅದು ಹನ್ನೊಂದನೆಯವನಿಗಾಗಿ ಕಾಯುತ್ತದೆ. ನಾನು ನಿಜಕ್ಕೂ ಸಾಧಾರಣ ಬರಹಗಾರನೇ ಆಗಿದ್ದರೆ? ಆಗಿರಬಹುದು. ಹಾಗಿದ್ದರೂ ಮೇಷ್ಟ್ರ ಬಗ್ಗೆ ಬರೆದಿದ್ದವನು ನಾನೊಬ್ಬನೇ. ಆ ನಾಲ್ಕು ಪುಟ ಅವರಿಗೆ ಸಲ್ಲಬೇಕಾದ ಬಾಕಿ. ನನ್ನ ಯೋಗ್ಯತೆ ತೀರ್ಮಾನವಾಗುವವರೆಗೆ ಬಾಕಿ ತಡೆಹಿಡಿಯುವ ಹಕ್ಕು ನನಗೆ ಇರಲಿಲ್ಲ.

ತಿಥಿ ಮುಗಿದ ಮೇಲೆ ಒಂದು ಸಂಜೆ ಹೋಗಿ ಅದನ್ನು ಮೇಷ್ಟ್ರ ಹೆಂಡತಿಗೆ ಓದಿ ಹೇಳಿದೆ. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರು ಸ್ವಭಾವದಿಂದಲೇ ಯಾರಿಗೂ ಹೊಡೆದವರಲ್ಲ ಅಂತ ಬರೆದಿದ್ದೀಯ. ಹಾಗಲ್ಲ ಅದು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಹುಡುಗನಿಗೆ ಬಾಸುಂಡೆ ಬರೋ ಹಾಗೆ ಹೊಡೆದರು. ಆ ರಾತ್ರಿ ಊಟ ಮಾಡಲಿಲ್ಲ. ಆಮೇಲೆ ಬೆತ್ತ ಮುಟ್ಟಲಿಲ್ಲ. ಬರೆಯೋದಾದರೆ ಅದನ್ನೂ ಬರಿ’ ಅಂದರು.

ಮನೆಗೆ ಬಂದು ಆ ಒಂದು ಪ್ಯಾರಾ ಮಾತ್ರ ತಿದ್ದಿದೆ. ಎಂಟು ತಿಂಗಳು ನಾನು ಅನುಮಾನಪಟ್ಟಿದ್ದ ವಾಕ್ಯಗಳಲ್ಲಿ ಅದು ಇರಲೇ ಇಲ್ಲ. ತೋರಿಸಿದ್ದರೆ, ಆ ಮಾತನ್ನು ಮೇಷ್ಟ್ರೇ ಹೇಳುತ್ತಿದ್ದರೇನೋ.

ಅಳುಕು ಈಗಲೂ ಹೋಗಿಲ್ಲ, ಇದನ್ನು ಬರೆಯುವಾಗಲೂ ಪಕ್ಕದಲ್ಲೇ ಕೂತಿದೆ. ಯಾವ ಸಾಲು ಸರಿಯಿಲ್ಲ ಹೇಳು ಎಂದು ಕೇಳುತ್ತೇನೆ. ಹೇಳಿದರೆ ತಿದ್ದುತ್ತೇನೆ. ಸುಮ್ಮನಿದ್ದರೆ ಕಳಿಸುತ್ತೇನೆ.