ಸೊಟ್ಟ ಕಿಡಿಯೊ ಯಾರ ತಟ್ಟೆಗೆ?



ಆಗಮನ ಕಾಲದ ಕೊನೆಯ ವಾರ ಬಂತೆಂದರೆ ನಮ್ಮ ಅಡಿಗೆಮನೆಗಳಿಗೆ ಬೇರೆಯೇ ಒಂದು ಕಳೆ ಬರುತ್ತದೆ. ಮಂಗಳೂರು ಕಡೆಯವರು ಕುಸ್ವಾರ್ ಎಂದು ಕರೆಯುವ ಕ್ರಿಸ್ಮಸ್ ತಿಂಡಿಗಳ ಸಡಗರ ಅದು. ಕಿಡಿಯೊ, ಗುಳಿಯೊ, ನೆವ್ರ್ಯೊ, ತುಕ್ಡಿ ಎಂದು ಅಲ್ಲಿ ಹೆಸರಿಸುತ್ತಾರೆ. ಬೆಂಗಳೂರು, ಮೈಸೂರು ಕಡೆಯ ಮನೆಗಳಲ್ಲಿ ಕಲ್‌ಕಲ್, ಕರ್ಜಿಕಾಯಿ, ರವೆ ಉಂಡೆ, ಚಕ್ಕುಲಿ ಎನ್ನುತ್ತಾರೆ. ಹೆಸರು ಬೇರೆಯಾದರೂ ತಿಂಡಿಗಳನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೆ ಒಂದು ಶುಭ್ರ ವಸ್ತ್ರ ಹೊದಿಸಿ, ಜಾತಿ ಮತ ನೋಡದೆ ನೆರೆಮನೆಗೆ ಕಳುಹಿಸುವ ರೂಢಿ ಎಲ್ಲ ಕಡೆಯೂ ಒಂದೇ.

ಈ ಕೆಲಸದಲ್ಲಿ ಮಕ್ಕಳನ್ನು ಸೇರಿಸಿಕೊಳ್ಳಬೇಕೇ? ಸೇರಿಸಿಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತೇವೆ. ಆದರೆ ಕಷ್ಟದ ಪ್ರಶ್ನೆ ಅದಾದ ಮೇಲೆ ಬರುತ್ತದೆ. ಐದು ವರ್ಷದ ಮಗು ಒತ್ತಿದ ಕಿಡಿಯೊ ಒಂದು ದಪ್ಪ, ಒಂದು ಸಣ್ಣ. ಒಂದು ಸುರುಳಿ ಬಿಚ್ಚಿಕೊಂಡಿದೆ, ಇನ್ನೊಂದಕ್ಕೆ ಗೆರೆಯೇ ಮೂಡಿಲ್ಲ. ನೆರೆಮನೆಗೆ ತಟ್ಟೆ ಜೋಡಿಸುವ ಹೊತ್ತಿಗೆ ಅನೇಕ ತಾಯಂದಿರು ಏನು ಮಾಡುತ್ತಾರೆ? ಮಗು ಮಲಗಿದ ಮೇಲೆ ಅದು ಮಾಡಿದ್ದನ್ನೆಲ್ಲ ಆರಿಸಿ ತೆಗೆದು, ಮನೆಯವರಿಗೆಂದು ಬೇರೆ ಡಬ್ಬದಲ್ಲಿ ಹಾಕುತ್ತಾರೆ. ಅಂದವಾಗಿರುವುದು ಮಾತ್ರ ಹೊರಗೆ ಹೋಗುತ್ತದೆ. ಇದು ಸರಿಯೇ? ಇದು ಚಿಕ್ಕ ವಿಷಯದಂತೆ ಕಾಣುತ್ತದೆ. ಆದರೆ ಕಾಣಿಕೆ ಎಂದರೇನು ಎಂಬುದರ ಕುರಿತು ಮಗು ಕಲಿಯುವ ಮೊದಲ ಪಾಠ ಇದೇ ಆಗಿರಬಹುದು. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಎರಡು ಬಗೆಯ ಕೆಲಸ

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಮನುಷ್ಯನ ಚಟುವಟಿಕೆಯಲ್ಲಿ ಎರಡು ಬಗೆಗಳನ್ನು ಗುರುತಿಸಿದನು. ಒಂದು, ವಸ್ತುವನ್ನು ತಯಾರಿಸುವುದು. ಇನ್ನೊಂದು, ನಡೆದುಕೊಳ್ಳುವುದು. ಬಡಗಿ ಕುರ್ಚಿ ಮಾಡುವಾಗ ಆ ಕೆಲಸದ ಗುರಿ ಕುರ್ಚಿ. ಅದು ಬಡಗಿಯಿಂದ ಹೊರಗೆ ನಿಲ್ಲುತ್ತದೆ. ಆದರೆ ಒಬ್ಬನು ಸತ್ಯ ನುಡಿಯುವಾಗ, ಹಂಚಿಕೊಳ್ಳುವಾಗ, ಆ ಕೆಲಸದ ಒಳ್ಳೆಯತನ ಆ ನಡತೆಯಲ್ಲೇ ಇದೆ. ಸಂತ ತೋಮಾಸ್ ಅಕ್ವಿನಾಸರು ಇದನ್ನೇ ಮುಂದುವರಿಸಿ, ಕುಶಲಕರ್ಮಿಯನ್ನು ಕುಶಲಕರ್ಮಿಯಾಗಿ ಮೆಚ್ಚುವುದು ಅವನ ಮನಸ್ಸಿಗಾಗಿ ಅಲ್ಲ, ಅವನ ಕೃತಿ ಚೆನ್ನಾಗಿ ಬಂದಿರುವುದಕ್ಕಾಗಿ ಎಂದು ಸ್ಪಷ್ಟಪಡಿಸುತ್ತಾರೆ.

ಹಾಗಾದರೆ ಕಿಡಿಯೊ ಒತ್ತುವುದು ಯಾವ ಬಗೆಯ ಕೆಲಸ? ಎರಡೂ ಹೌದು. ತಿಂಡಿಯಾಗಿ ನೋಡಿದರೆ ಅದು ಗರಿಗರಿಯಾಗಿರಬೇಕು, ಬೆಂದಿರಬೇಕು, ಪಾಕ ಹಿಡಿದಿರಬೇಕು. ಈ ಲೆಕ್ಕದಲ್ಲಿ ಮಗುವಿಗಿಂತ ಅಜ್ಜಿಯ ಕೈ ಮೇಲು, ಇದರಲ್ಲಿ ಸಂಶಯವಿಲ್ಲ. ಕಾಣಿಕೆಯಾಗಿ ನೋಡಿದರೆ ಅದು ಒಬ್ಬ ವ್ಯಕ್ತಿಯ ನಡತೆ. ಇಲ್ಲಿ ಕೇಳಬೇಕಾದದ್ದು, ಕೊಟ್ಟವರು ತಮ್ಮಲ್ಲಿದ್ದದ್ದನ್ನು ಪ್ರೀತಿಯಿಂದ ಕೊಟ್ಟರೇ ಎಂಬುದು. ನಾವು ಮಾಡುವ ತಪ್ಪು, ಕಾಣಿಕೆಯನ್ನು ಬರೀ ತಯಾರಿಕೆಯ ಅಳತೆಗೋಲಿನಿಂದ ಅಳೆಯುವುದು.

ಮಲಾಕಿ ಪ್ರವಾದಿಯ ಆಕ್ಷೇಪ

ಒಂದು ಗಟ್ಟಿಯಾದ ಆಕ್ಷೇಪ ಇಲ್ಲಿ ಏಳುತ್ತದೆ. ಕಾಣಿಕೆ ದೋಷವಿಲ್ಲದ್ದಾಗಿರಬೇಕೆಂದು ಪವಿತ್ರ ಗ್ರಂಥವೇ ಹೇಳುವುದಿಲ್ಲವೇ? ಕುರುಡು, ಕುಂಟು, ರೋಗ ತಗುಲಿದ ಪ್ರಾಣಿಗಳನ್ನು ಬಲಿಪೀಠಕ್ಕೆ ತಂದವರನ್ನು ಮಲಾಕಿ ಪ್ರವಾದಿ ಕಟುವಾಗಿ ಖಂಡಿಸುತ್ತಾನೆ. ಅಂಥದ್ದನ್ನು ನಿಮ್ಮ ರಾಜ್ಯಪಾಲನಿಗೆ ಕೊಟ್ಟು ನೋಡಿ, ಅವನು ಮೆಚ್ಚುವನೇ ಎಂದು ಕೇಳುತ್ತಾನೆ. ಹಾಗಿದ್ದರೆ ಸೊಟ್ಟ ತಿಂಡಿಯನ್ನು ನೆರೆಯವರಿಗೆ ಕಳುಹಿಸುವುದು ಅದೇ ತಪ್ಪಲ್ಲವೇ?

ಆ ಅಧ್ಯಾಯವನ್ನು ಕೊನೆಯವರೆಗೆ ಓದಿದರೆ ಉತ್ತರ ಸಿಗುತ್ತದೆ. ಪ್ರವಾದಿಯ ಕೋಪ ತಿರುಗುವುದು ಮಂದೆಯಲ್ಲಿ ಒಳ್ಳೆಯ ಪ್ರಾಣಿ ಇದ್ದೂ ಅದನ್ನು ತನಗಿಟ್ಟುಕೊಂಡು ಕುಂಟನ್ನು ದೇವರಿಗೆ ತಂದ ವಂಚಕನ ಮೇಲೆ. ಅಂದರೆ ದೋಷ ಇರುವುದು ಪ್ರಾಣಿಯ ಕಾಲಿನಲ್ಲಿ ಮಾತ್ರವಲ್ಲ, ಕೊಡುವವನ ಮನಸ್ಸಿನಲ್ಲಿ. ಈಗ ನಮ್ಮ ತಟ್ಟೆಗೆ ಬನ್ನಿ. ದೊಡ್ಡವರು ಒಳ್ಳೆಯ ತಿಂಡಿಯನ್ನು ಡಬ್ಬದಲ್ಲಿ ಬಚ್ಚಿಟ್ಟು, ಮುರಿದದ್ದು ಕರಿಕಾದದ್ದನ್ನು ಕೆಲಸದವರಿಗೆ, ಬಡವರಿಗೆ ಕೊಟ್ಟರೆ ಮಲಾಕಿಯ ಮಾತು ನೇರವಾಗಿ ನಮಗೇ ತಗಲುತ್ತದೆ. ಆದರೆ ಐದು ವರ್ಷದ ಮಗುವಿನ ಸೊಟ್ಟ ಕಿಡಿಯೊ ಅದರ ಮಂದೆಯಲ್ಲಿರುವ ಅತ್ಯುತ್ತಮ ಕುರಿ. ಅದಕ್ಕಿಂತ ಒಳ್ಳೆಯದನ್ನು ಮಗು ಎಲ್ಲಿಯೂ ಬಚ್ಚಿಟ್ಟಿಲ್ಲ. ನೋಡುವುದಕ್ಕೆ ಎರಡೂ ಸೊಟ್ಟ ತಿಂಡಿಗಳೇ. ಒಂದು ವಂಚನೆ, ಇನ್ನೊಂದು ಕಾಣಿಕೆ.

ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ಯೇಸುಸ್ವಾಮಿ ನೋಡಿದ್ದೂ ಇದನ್ನೇ. ಬಡ ವಿಧವೆಯ ಎರಡು ಕಾಸುಗಳನ್ನು ಅವರು ಹಣದ ಲೆಕ್ಕದಲ್ಲಿ ಎಣಿಸಲಿಲ್ಲ. ಅವಳ ಬಳಿ ಏನು ಉಳಿಯಿತು ಎಂಬ ಲೆಕ್ಕದಲ್ಲಿ ಎಣಿಸಿದರು. ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಐದು ರೊಟ್ಟಿ ಎರಡು ಮೀನು ತಂದವನು ಒಬ್ಬ ಹುಡುಗ. ಅವು ಜವೆಗೋಧಿಯ ರೊಟ್ಟಿಗಳು. ಗೋಧಿಗಿಂತ ಅಗ್ಗವಾದ, ಬಡವರ ಆಹಾರ. ಇಷ್ಟು ಜನಕ್ಕೆ ಇದು ಎಲ್ಲಿ ಸಾಕು ಎಂದು ಅಂದ್ರೆಯ ಕೇಳಿದ್ದು ತಯಾರಿಕೆಯ ಲೆಕ್ಕ. ಆ ಲೆಕ್ಕ ತಪ್ಪೂ ಆಗಿರಲಿಲ್ಲ. ಆದರೂ ಸ್ವಾಮಿಯವರು ಆ ರೊಟ್ಟಿಗಳನ್ನು ಬದಿಗಿಡಲಿಲ್ಲ. ಕೈಗೆ ತೆಗೆದುಕೊಂಡು, ಕೃತಜ್ಞತೆ ಸಲ್ಲಿಸಿ, ಎಲ್ಲರಿಗೂ ಹಂಚಿದರು.

ನೆರೆಯವರಿಗೆ ಅನ್ಯಾಯವಾಗದಿರಲಿ

ಇನ್ನೊಂದು ಮಾತು. ನಮ್ಮ ಮಗುವಿಗೆ ಪಾಠ ಕಲಿಸಲು ನೆರೆಯವರ ಬಾಯಿ ಕೆಡಿಸುವುದು ನ್ಯಾಯವೇ? ಅಲ್ಲ. ಬೇಯದ ಹಿಟ್ಟು, ಸೀದುಹೋದ ತಿಂಡಿ, ಹಳೆಯ ಎಣ್ಣೆಯ ವಾಸನೆ ಹೊಡೆಯುವುದು ಯಾರು ಮಾಡಿದ್ದಾದರೂ ತಟ್ಟೆಗೆ ಹೋಗಬಾರದು. ಕೊಟ್ಟದ್ದು ತಿನ್ನುವಂತಿರಬೇಕು; ಅದು ತಿನ್ನುವವರಿಗೆ ಸಲ್ಲಬೇಕಾದ ಗೌರವ. ಆದರೆ ಆಕಾರ ಸೊಟ್ಟಗಾದ ಮಾತ್ರಕ್ಕೆ ರುಚಿ ಕೆಡುವುದಿಲ್ಲ. ಅಂದವನ್ನು ನೋಡಿ ನಾವು ತೆಗೆದಿಡುವುದು ನೆರೆಯವರ ಹಿತಕ್ಕಾಗಿ ಅಲ್ಲ. ‘ಆ ಮನೆಯವರ ಕೈ ಇಷ್ಟೇ’ ಎಂದು ಯಾರಾದರೂ ಅಂದಾರು ಎಂಬ ಅಂಜಿಕೆಗಾಗಿ. ಆಗ ತಟ್ಟೆ ಕಾಣಿಕೆಯಾಗಿ ಉಳಿಯುವುದಿಲ್ಲ, ನಮ್ಮ ಮನೆತನದ ಪ್ರದರ್ಶನವಾಗುತ್ತದೆ.

ತನ್ನ ತಿಂಡಿ ತಟ್ಟೆಯಲ್ಲಿಲ್ಲ ಎಂದು ಮಗುವಿಗೆ ಬೆಳಿಗ್ಗೆ ಗೊತ್ತಾಗದೆ ಇರುವುದಿಲ್ಲ. ಆಗ ಅದು ಎರಡು ವಿಷಯ ಕಲಿಯುತ್ತದೆ. ತನ್ನ ಕೈ ನಾಚಿಕೆಪಡಬೇಕಾದ ಕೈ ಎಂಬುದು ಒಂದು. ಅಮ್ಮ ‘ಚೆನ್ನಾಗಿದೆ ಪುಟ್ಟಾ’ ಎಂದದ್ದು ಸುಳ್ಳು ಎಂಬುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು. ಆದ್ದರಿಂದ ಸುಳ್ಳು ಹೊಗಳಿಕೆ ಬೇಡ. ‘ನಿನ್ನೆಗಿಂತ ಇವತ್ತು ಗೆರೆ ಚೆನ್ನಾಗಿ ಮೂಡಿದೆ’ ಎಂದು ನಿಜ ಹೇಳಿ. ಮಗು ಸೋಮಾರಿತನದಿಂದ ಹೇಗೋ ಒತ್ತಿ ಎಸೆದಿದ್ದರೆ ‘ಇದನ್ನು ಮತ್ತೆ ಮಾಡು’ ಎನ್ನಲು ಹಿಂಜರಿಯಬೇಡಿ. ಆಗದೆ ಇರುವುದು ಬೇರೆ, ಮಾಡದೆ ಇರುವುದು ಬೇರೆ. ಅದನ್ನು ಮಗುವೂ ಬಲ್ಲದು.

ಸುಲಭವಾದ ಮೂರು ತಿಂಡಿ

ಸದ್ಗುಣ ಕೂಡ ಕೆಲಸದಂತೆ ಮಾಡಿ ಮಾಡಿಯೇ ಬರುವುದು ಎಂದು ಅರಿಸ್ಟಾಟಲ್ ಹೇಳುತ್ತಾನೆ. ಮನೆ ಕಟ್ಟುತ್ತಾ ಮನುಷ್ಯ ಕಟ್ಟುವವನಾಗುತ್ತಾನೆ, ನ್ಯಾಯವಾಗಿ ನಡೆಯುತ್ತಾ ನ್ಯಾಯವಂತನಾಗುತ್ತಾನೆ. ಉದಾರತೆಯನ್ನೂ ಧರ್ಮೋಪದೇಶದ ಪುಸ್ತಕದಿಂದ ಬಾಯಿಪಾಠ ಮಾಡಿಸಲಾಗದು. ಆದ್ದರಿಂದ ಮಗುವಿನ ಕೈಗೆ ಎಟಕುವ ಕೆಲಸವನ್ನೇ ಕೊಡಿ.

ಮೂರು ನಾಲ್ಕು ವರ್ಷದವರಿಗೆ ಖರ್ಜೂರದ ಉಂಡೆ ಸಾಕು; ಒಲೆಯೇ ಬೇಡ. ಮೆತ್ತಗಿನ ಖರ್ಜೂರದ ಬೀಜ ಬಿಡಿಸಿ ತೆಗೆಯುವುದು ಮಗುವಿನ ಕೆಲಸ. ಅದನ್ನು ನೀವು ಜಜ್ಜಿ, ಸಣ್ಣಗೆ ಪುಡಿಮಾಡಿದ ಗೋಡಂಬಿ ಸೇರಿಸಿಕೊಡಿ. ಮಗು ಉಂಡೆ ಕಟ್ಟಿ, ಒಣ ಕೊಬ್ಬರಿ ತುರಿಯಲ್ಲಿ ಹೊರಳಿಸಲಿ.

ಸ್ವಲ್ಪ ದೊಡ್ಡವರಿಗೆ ಕಿಡಿಯೊ. ಮೈದಾಹಿಟ್ಟಿಗೆ ಚಿಟಿಕೆ ಉಪ್ಪು, ಒಂದೆರಡು ಚಮಚ ಸಕ್ಕರೆ, ಹಿಡಿಯುವಷ್ಟು ಗಟ್ಟಿ ತೆಂಗಿನಹಾಲು ಹಾಕಿ ಚಪಾತಿ ಹಿಟ್ಟಿನಂತೆ ನಾದಿ, ಅರ್ಧ ಗಂಟೆ ಮುಚ್ಚಿಡಿ. ಗೋಲಿಗಿಂತ ಸಣ್ಣ ಉಂಡೆಗಳನ್ನು ಎಣ್ಣೆ ಸವರಿದ ಫೋರ್ಕಿನ ಬೆನ್ನ ಮೇಲೆ, ಇಲ್ಲವೇ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಕಿಡಿಯೊ ಸಿದ್ಧ. ಕೊಂಕಣಿಯಲ್ಲಿ ಅದಕ್ಕೆ ಹುಳುಗಳು ಎಂದರ್ಥ. ಇದನ್ನು ಹೇಳಿದರೆ ಮಕ್ಕಳು ನಗದೆ ಇರುವುದಿಲ್ಲ. ಮೂರನೆಯದು ತುಕ್ಡಿ. ಲಟ್ಟಿಸಿದ ಹಿಟ್ಟನ್ನು ಮೊಂಡು ಚಾಕುವಿನಿಂದ ಓರೆಯಾಗಿ ಕತ್ತರಿಸುವುದು ಮಗುವಿಗೆ ಬಹಳ ಇಷ್ಟ. ಕಾದ ಎಣ್ಣೆಯ ಬಾಣಲೆ, ಸಕ್ಕರೆ ಪಾಕ ಎರಡೂ ದೊಡ್ಡವರದ್ದೇ. ಆ ಹೊತ್ತಿಗೆ ಮಕ್ಕಳು ಒಲೆಯಿಂದ ದೂರವಿರಲಿ.

‘ಇಷ್ಟಕ್ಕೆಲ್ಲ ಸಮಯ ಎಲ್ಲಿ, ಸ್ವಾಮಿ?’ ಎಂದು ಕೆಲಸಕ್ಕೆ ಹೋಗುವ ತಾಯಂದಿರು ಕೇಳುವುದು ನ್ಯಾಯವೇ. ಬೇಕರಿಯಿಂದ ಕೊಂಡು ತಂದರೆ ಪಾಪವಿಲ್ಲ. ತಿಂಡಿ ಮಾಡಿ ಮಾರಿ ಸಂಸಾರ ತೂಗಿಸುವ ಅನೇಕ ಸಹೋದರಿಯರಿಗೆ ಅದು ಅನ್ನವೂ ಹೌದು. ಹತ್ತು ಬಗೆ ಬೇಡ, ಒಂದು ಬಗೆ, ಒಂದು ಸಂಜೆ ಸಾಕು. ಆ ಸಂಜೆ ತಂದೆಯೂ ಚಾಪೆಯ ಮೇಲೆ ಕುಳಿತು ಒತ್ತಲಿ. ಇಲ್ಲವಾದರೆ ಪ್ರೀತಿಯ ಕೆಲಸವೆಲ್ಲ ಅಮ್ಮನದ್ದು ಎಂಬ ಇನ್ನೊಂದು ತಪ್ಪು ಪಾಠವನ್ನು ಮಗು ಕಲಿಯುತ್ತದೆ.

ನಜರೇತಿನ ಪಾಠ

ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಗೃಹಸಭೆ ಎಂದು ಕರೆದು, ತಂದೆತಾಯಿಯರೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ಎಂದಿತು. ಅದೇ ವರ್ಷದ ಜನವರಿ 5ರಂದು ಜಗದ್ಗುರು ಆರನೆಯ ಪೌಲರು ನಜರೇತಿನಲ್ಲಿ ಮಾತನಾಡುತ್ತಾ, ಆ ಮನೆ ನಮಗೆ ಮೌನವನ್ನು, ಕುಟುಂಬ ಜೀವನವನ್ನು, ದುಡಿಮೆಯನ್ನು ಕಲಿಸುತ್ತದೆ ಎಂದು ನೆನಪಿಸಿದರು.

ಆ ಮನೆಯ ಮಗನನ್ನು ಸಂತ ಮಾರ್ಕರ ಶುಭಸಂದೇಶದಲ್ಲಿ ಊರ ಜನರು ಬಡಗಿ ಎಂದು ಕರೆಯುತ್ತಾರೆ. ಅಕ್ವಿನಾಸರು ತಾವು ಹಿಂದೆ ಬೇರೆ ರೀತಿ ಬರೆದಿದ್ದರೂ ಮುಂದೆ ತಮ್ಮ ಮಹಾಗ್ರಂಥದಲ್ಲಿ, ಅನುಭವದಿಂದ ಗಳಿಸುವ ಜ್ಞಾನ ಕ್ರಿಸ್ತರಲ್ಲೂ ಇತ್ತು, ಅದು ವಯಸ್ಸಿನೊಡನೆ ಬೆಳೆಯಿತು ಎಂದು ಬೋಧಿಸಿದರು. ದೇವರು ನಿಜವಾಗಿ ಮನುಷ್ಯನಾದರು ಎಂದು ನಂಬುವ ನಾವು ಇದನ್ನೂ ನಂಬಬೇಕು: ಅವರ ಕೈಗಳೂ ಒಮ್ಮೆ ಪುಟ್ಟ ಕೈಗಳಾಗಿದ್ದವು. ಗೋದಲಿಯ ಮುಂದೆ ಮೊಣಕಾಲೂರುವಾಗ ನಾವು ಆರಾಧಿಸುವುದು ಆ ಪುಟ್ಟ ಕೈಗಳನ್ನೇ. ಹಾಗಿರುವಾಗ ನಮ್ಮ ಮನೆಯ ಪುಟ್ಟ ಕೈಗಳ ಕೆಲಸವನ್ನು ಬಚ್ಚಿಡುವುದು ಹೇಗೆ?

ಈ ಸಲ ತಟ್ಟೆ ಜೋಡಿಸುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅದು ಒತ್ತಿದ್ದು, ನೀವು ಒತ್ತಿದ್ದು ಒಂದೇ ತಟ್ಟೆಯಲ್ಲಿರಲಿ. ಆ ವರ್ಷ ಸಾವು ಕಂಡು ಹಬ್ಬದ ಅಡಿಗೆ ಮಾಡದಿರುವ ಮನೆ, ಒಂಟಿಯಾಗಿರುವ ವೃದ್ಧರ ಮನೆ, ಬೇರೆ ಧರ್ಮದ ನೆರೆಯವರ ಮನೆ, ಇವುಗಳಲ್ಲಿ ಒಂದನ್ನು ಮಗುವೇ ಆರಿಸಲಿ. ತಟ್ಟೆಯನ್ನೂ ಅದೇ ಹಿಡಿದುಕೊಂಡು ಹೋಗಲಿ. ಬಾಗಿಲಲ್ಲಿ ‘ಇದನ್ನು ನಾನು ಮಾಡಿದ್ದು ಅಜ್ಜಿ’ ಎಂದು ಅದು ಸೊಟ್ಟ ಕಿಡಿಯೊ ತೋರಿಸಿದರೆ, ಆ ಅಜ್ಜಿ ಮೊದಲು ಯಾವುದನ್ನು ಬಾಯಿಗೆ ಹಾಕಿಕೊಳ್ಳುವರೆಂದು ನಿಮಗೆ ಹೇಳಬೇಕಾಗಿಲ್ಲ.

ಬಾಲ ಯೇಸು ನಿಮ್ಮ ಮನೆಯನ್ನೂ, ಮನೆಯ ಎಲ್ಲ ಕೈಗಳನ್ನೂ ಆಶೀರ್ವದಿಸಲಿ.